ಫ್ಯಾನ್ ಇಲ್ಲದ ಕಾರ್ಡಿಗೂ ಗಾಳಿ ಬೇಕು

18 ಏಪ್ರಿಲ್ 2024, ಗುರುವಾರ
ಮಂಡ್ಯ

ಚಿಕ್ಕಪ್ಪನ ಮಗನ ಸ್ಟುಡಿಯೋದಲ್ಲಿ ಮದುವೆ ಸೀಸನ್ನಿನ ಕೆಲಸ ಜೋರು. ಎಡಿಟಿಂಗ್ ಸಿಸ್ಟಮ್ಮಿನ ಗ್ರಾಫಿಕ್ಸ್ ಕಾರ್ಡ್ (ಚಿತ್ರ, ವಿಡಿಯೋದ ಲೆಕ್ಕ ನೋಡಿಕೊಳ್ಳುವ ಬೋರ್ಡು) ಗರಗರ ಅಂತಿದೆ ಅಂತ ಕರೆದಿದ್ದ. ಬಿಚ್ಚಿ ನೋಡಿದರೆ ಕಾರ್ಡಿನ ಚಿಪ್ಪಿನ ಬಿಸಿ ಹೀರಿ ಗಾಳಿಗೆ ಬಿಡುವ ಲೋಹದ ಹೀಟ್‌ಸಿಂಕಿನ ಪಟ್ಟಿಗಳ ನಡುವೆ ಧೂಳು ಕಂಬಳಿಯ ಹಾಗೆ ಕೂತಿದೆ. ಗುತ್ತಲು ರೋಡಿನ ಧೂಳೆಲ್ಲ ಅಲ್ಲೇ. ಫ್ಯಾನಿನ ಬೇರಿಂಗ್ ಕೂಡ ಸವೆದಿದೆ.

“ಅಣ್ಣ, ಫ್ಯಾನೇ ಇಲ್ದಿರೋ ಕಾರ್ಡ್ ಬತ್ತದಂತಲ್ಲ, ಅದ್ನೇ ಹಾಕ್ಬುಡನ” ಅಂದ.

ಆಸೆ ತಪ್ಪಲ್ಲ. ತಿರುಗುವ ಭಾಗ ಇಲ್ಲದಿದ್ದರೆ ಕೆಡುವುದೂ ಕಡಿಮೆ, ಧೂಳು ಎಳೆದುಕೊಳ್ಳುವುದೂ ಕಡಿಮೆ. ಸದ್ದಿನ ಲೆಕ್ಕ ಆಮೇಲೆ. ದಿನವಿಡೀ ಲಾರಿ ಹಾರನ್ ಕೇಳುವ ಅಂಗಡಿಯಲ್ಲಿ ಫ್ಯಾನಿನ ಸದ್ದು ಯಾರಿಗೆ ಕೇಳಬೇಕು!

ಆದರೆ ಮೊದಲು ವ್ಯಾಟ್ ನೋಡಬೇಕು. ಕಾರ್ಡ್ ಎಳೆಯುವ ಕರೆಂಟೆಲ್ಲ ಬಿಸಿಯಾಗಿಯೇ ಹೊರಬರುತ್ತದೆ. ಎನ್‌ವಿಡಿಯಾದ ಸಣ್ಣ ಕಾರ್ಡುಗಳಲ್ಲಿ ಜಿಟಿ 710ಕ್ಕೆ 19 ವ್ಯಾಟ್, ಜಿಟಿ 1030ಗೆ 30 ವ್ಯಾಟ್. ಇಷ್ಟಕ್ಕೆ ಅಲ್ಯೂಮಿನಿಯಂ ಹೀಟ್‌ಸಿಂಕ್ ಸಾಕು. 75 ವ್ಯಾಟಿನ ಜಿಟಿಎಕ್ಸ್ 1650ಗೂ ಪಾಲಿಟ್ ಕಂಪನಿಯವರು ಫ್ಯಾನಿಲ್ಲದ ಕಾರ್ಡ್ ಮಾಡಿದ್ದರು. ಹೀಟ್‌ಪೈಪ್ (ಬಿಸಿ ಸಾಗಿಸುವ ಕೊಳವೆ) ಇರುವ, ಎರಡು ಸ್ಲಾಟ್ ನುಂಗುವ ದಪ್ಪನೆಯದು. ಆರ್‌ಟಿಎಕ್ಸ್ 4090 ಅಂದರೆ 450 ವ್ಯಾಟ್, ಅಲ್ಲಿ ಈ ಮಾತೇ ಬೇಡ. ಇವನ ಕಾರ್ಡು 120 ವ್ಯಾಟಿನದು.

ಜೊತೆಗೆ ನಮ್ಮ ಏಪ್ರಿಲ್. ಹೀಟ್‌ಸಿಂಕ್ ಕೋಣೆಗಿಂತ ತಣ್ಣಗಾಗಲು ಸಾಧ್ಯವೇ ಇಲ್ಲ. 25 ಡಿಗ್ರಿ ಇದ್ದ ಕೋಣೆ 36ಕ್ಕೆ ಹೋದರೆ ಚಿಪ್ಪಿನ ಬಿಸಿಯೂ ಹೆಚ್ಚು ಕಡಿಮೆ ಅಷ್ಟೇ ಏರುತ್ತದೆ. ಫ್ಯಾನ್ ಇದ್ದರೆ ಜೋರಾಗಿ ತಿರುಗಿ ಸ್ವಲ್ಪ ಸರಿದೂಗಿಸುತ್ತದೆ. ಇಲ್ಲದಿದ್ದರೆ ಚಿಪ್ಪು ತನ್ನ ವೇಗ ಇಳಿಸಿಕೊಳ್ಳಬೇಕು, ಅಷ್ಟೇ. ಆಗ ರೆಂಡರ್, ಅಂದರೆ ಎಡಿಟ್ ಮಾಡಿದ ವಿಡಿಯೋ ತಯಾರಾಗುವುದು, ಆಮೆ ನಡಿಗೆ.

ಇನ್ನೊಂದು ಎಡವಟ್ಟು ಕ್ಯಾಬಿನೆಟ್ಟಿನದು. ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ, ಅಲ್ವಾ? ಆದರೆ ಟವರ್ ಕ್ಯಾಬಿನೆಟ್ಟಿನಲ್ಲಿ ಕಾರ್ಡು ಅಡ್ಡ ಮಲಗಿರುತ್ತದೆ, ಹೀಟ್‌ಸಿಂಕ್ ಕೆಳಮುಖ. ಏಳುವ ಬಿಸಿ ಗಾಳಿಗೆ ಕಾರ್ಡಿನ ಬೋರ್ಡೇ ಸೂರು. ಹಾಗಾಗಿ ಫ್ಯಾನಿಲ್ಲದ ಕಾರ್ಡಿಗೂ ಕ್ಯಾಬಿನೆಟ್ ಫ್ಯಾನ್ ಒಂದಾದರೂ ಬೇಕು. 120 ಮಿಲಿಮೀಟರಿನದು ನಿಧಾನವಾಗಿ ತಿರುಗಿದರೂ ಸಾಕು, ಸದ್ದೇ ಬರುವುದಿಲ್ಲ. ಸರ್ವರ್‌ಗೆ ಹಾಕುವ ಟೆಸ್ಲಾ ಟಿ4 ಕಾರ್ಡಿನ ಮೇಲೂ ಫ್ಯಾನ್ ಇಲ್ಲ. ಅದು 70 ವ್ಯಾಟ್. ಅಲ್ಲಿ ಸರ್ವರ್‌ನ ಫ್ಯಾನುಗಳೇ ಗಾಳಿ ನುಗ್ಗಿಸುತ್ತವೆ. ಅಗ್ಗಕ್ಕೆ ಸಿಕ್ಕಿತು ಅಂತ ಅದನ್ನು ತಂದು ಮನೆಯ ಪಿಸಿಗೆ ಸುಮ್ನೆ ಸಿಕ್ಕಿಸಿದರೆ ಬೇಯುತ್ತದೆ.

ನಡುದಾರಿಯೂ ಇದೆ. ಈಗಿನ ಎಷ್ಟೋ ಕಾರ್ಡುಗಳಲ್ಲಿ ಬಿಸಿ ಸುಮಾರು 50–60 ಡಿಗ್ರಿ ದಾಟುವವರೆಗೆ ಫ್ಯಾನ್ ತಿರುಗುವುದೇ ಇಲ್ಲ. ಹೊಸದು ಕೊಳ್ಳುವುದಾದರೆ ನಾನು ಅಂಥದ್ದನ್ನೇ ಹೇಳುತ್ತೇನೆ.

ಕೊನೆಗೆ ಹೀಗೆ ಮಾಡಿದೆವು. ಪಾಸ್‌ಪೋರ್ಟ್ ಫೋಟೋ, ಬಿಲ್ಲಿಂಗ್ ಮಾಡುವ ಮುಂದಿನ ಸಿಸ್ಟಮ್ಮಿಗೆ ಫ್ಯಾನಿಲ್ಲದ 1030. ಎಡಿಟಿಂಗ್ ಕಾರ್ಡಿಗೆ ಹೊಸ ಥರ್ಮಲ್ ಪೇಸ್ಟ್ (ಚಿಪ್ಪಿನ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಲೇಪ). ಧೂಳು ಊದಲು ಬ್ಲೋವರ್ ಹಿಡಿಯುವಾಗ ಫ್ಯಾನನ್ನು ಬೆರಳಲ್ಲಿ ಒತ್ತಿ ಹಿಡಿದೆ. ಇಲ್ಲದಿದ್ದರೆ ಗಾಳಿಗೆ ವಿಪರೀತ ತಿರುಗಿ ಬೇರಿಂಗ್ ಪೂರ್ತಿ ಹೋಗುತ್ತದೆ. ಹೊಸ ಫ್ಯಾನಿಗೆ ರೆಕ್ಕೆಯ ಅಗಲ, ಸ್ಕ್ರೂ ತೂತುಗಳ ಅಂತರ ಅಳೆದು ಆರ್ಡರ್ ಹಾಕಿದ್ದಾನೆ. ಅದು ಬರುವವರೆಗೆ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದಿಡು ಅಂದರೆ, “ಹಲ್ಲಿ ನುಗ್ತದೆ ಕನಣ್ಣ” ಅಂತಾನೆ.