ಆಲೂಗಡ್ಡೆ ಹೆಚ್ಚುವಾಗ

ಬೆಳಿಗ್ಗೆ ಪಲ್ಯಕ್ಕೆ ಆಲೂಗಡ್ಡೆ ಹೆಚ್ಚಿ, ನೀರಿಗೆ ಹಾಕುವ ಮೊದಲೇ ಫೋನ್ ಬಂತು. ಮಾತು ಮುಗಿಸಿ ಬರುವಷ್ಟರಲ್ಲಿ ಹೋಳುಗಳ ಅಂಚೆಲ್ಲ ಕಂದು ಬಣ್ಣಕ್ಕೆ ತಿರುಗಿತ್ತು. ಯಾಕೋ ವಿಜ್ಞಾನಿ ಕಮಲಾ ಸೊಹೊನಿ ನೆನಪಾದರು.

ಕೇಂಬ್ರಿಡ್ಜ್‌ನಲ್ಲಿ ಇದೇ ಆಲೂಗಡ್ಡೆ ಇಟ್ಟುಕೊಂಡು ಕೆಲಸ ಮಾಡಿದವರು ಅವರು. ಜೀವಕೋಶ ಉಸಿರಾಡೋಕೆ ಬೇಕಾದ ಸೈಟೋಕ್ರೋಮ್ ಸಿ ಅನ್ನುವ ಪ್ರೋಟೀನ್ ಗಿಡಗಳಲ್ಲೂ ಇದೆ ಅಂತ ತೋರಿಸಿಕೊಟ್ಟರು. 1939ರಲ್ಲಿ ಪಿಎಚ್‌ಡಿ.

ಅದಕ್ಕೂ ಮೊದಲು, 1933ರಲ್ಲಿ, ಆಕೆ ಬಂದಿದ್ದು ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ. ಹೆಣ್ಣು ಅನ್ನುವ ಕಾರಣಕ್ಕೆ, ಆಗ ಅಲ್ಲಿ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಬೇಡ ಅಂದರು. ರಾಮನ್ ಬಗ್ಗೆ ನನಗೆ ತುಂಬಾ ಗೌರವ, ಆದರೂ ಇದನ್ನು ಓದಿದಾಗಲೆಲ್ಲ ಬೇಜಾರಾಗುತ್ತದೆ. ಆಕೆ ಜಗ್ಗಲಿಲ್ಲ, ಪಟ್ಟು ಹಿಡಿದರು. ಕೊನೆಗೆ ಒಂದು ವರ್ಷ ನೋಡೋಣ ಅನ್ನುವ ಷರತ್ತಿನ ಮೇಲೆ ಸೀಟು ಸಿಕ್ಕಿತು. ಶ್ರೀನಿವಾಸಯ್ಯ ಅವರ ಕೈಕೆಳಗೆ ಹಾಲು, ಬೇಳೆಕಾಳುಗಳ ಪ್ರೋಟೀನ್ ಬಗ್ಗೆ ದುಡಿದರು. ಆ ಕೆಲಸ ನೋಡಿದ ಮೇಲೆ ರಾಮನ್ ಬೇರೆ ಹುಡುಗಿಯರನ್ನೂ ಸೇರಿಸಿಕೊಂಡರು.

ಮುಂದೆ ಮುಂಬೈಯಲ್ಲಿ ನೀರಾದಲ್ಲಿರುವ (ತಾಳೆ ಜಾತಿಯ ಮರಗಳಿಂದ ಇಳಿಸುವ ಸಿಹಿರಸ) ಪೋಷಕಾಂಶಗಳ ಬಗ್ಗೆ ಸಂಶೋಧನೆ ಮಾಡಿದರು. ಹೊಟ್ಟೆಗಿಲ್ಲದ ಮಕ್ಕಳಿಗೆ, ಬಸುರಿಯರಿಗೆ ಆಗಲಿ ಅಂತ.

ಟಾಟಾ ಇನ್‌ಸ್ಟಿಟ್ಯೂಟ್ ಸ್ಟಾಪ್‌ನಲ್ಲಿ ಬಸ್ ನಿಂತಾಗಲೆಲ್ಲ ಆ ಒಂದು ವರ್ಷವೇ ಕಣ್ಣಮುಂದೆ ಬರುತ್ತದೆ. ದಿನಾ ಲ್ಯಾಬ್ ಬಾಗಿಲು ತೆಗೆಯುವಾಗ ಎದೆ ಎಷ್ಟು ಹೊಡೆದುಕೊಂಡಿರಬೇಕು, ಅಲ್ವಾ?