ಕೆರೆಯಿದ್ದ ಜಾಗದಲ್ಲಿ ಮೆಟ್ರೋ

ಇವತ್ತು ಮೆಜೆಸ್ಟಿಕ್ ಮೆಟ್ರೋದಲ್ಲಿ ನೇರಳೆಯಿಂದ ಹಸಿರು ಮಾರ್ಗಕ್ಕೆ ಇಳಿಯುವಾಗ ಎಸ್ಕಲೇಟರ್ ಮೇಲೆ ಸುಮ್ನೆ ನಿಂತು ಯೋಚಿಸ್ತಿದ್ದೆ, ಈ ಬಸ್ ಸ್ಟ್ಯಾಂಡ್ ಇರೋ ಜಾಗದಲ್ಲಿ ಹಿಂದೆ ಧರ್ಮಾಂಬುಧಿ ಕೆರೆ ಇತ್ತಲ್ವಾ! ಊರಿಗೆ ನೀರು ಕೊಡುತ್ತಿದ್ದ ಕೆರೆ ಬತ್ತಿತು, ಬಸ್ ಬಂದವು, ಆಮೇಲೆ ಅದರ ಪಕ್ಕದಲ್ಲೇ ನೆಲ ಅಗೆದು ಮೆಟ್ರೋ ಕಟ್ಟಿದರು. ಇಲ್ಲಿ ನಿಲ್ದಾಣವನ್ನು ಇಲಿಬಿಲದ ಹಾಗೆ ಕೊರೆದಿಲ್ಲ, ಮೇಲಿಂದ ದೊಡ್ಡ ಗುಂಡಿ ತೋಡಿ, ಒಳಗೆ ಕಟ್ಟಿ, ಮೇಲೆ ಮುಚ್ಚಿದ್ದು. ಸುರಂಗ ಮಾತ್ರ ಯಂತ್ರ ಕೊರೆದದ್ದು.

ಎರಡು ಮಾರ್ಗ ಒಂದರ ಮೇಲೊಂದು ಹಾಯುತ್ತವೆ. ಮೇಲೆ ನೇರಳೆ, ಅದರ ಕೆಳಗೆ ಹಸಿರು. ನೇರಳೆ 2016ರ ಏಪ್ರಿಲ್ ಕೊನೆಗೆ ಶುರುವಾಯ್ತು, ಹಸಿರು ಬರೋಕೆ 2017ರ ಜೂನ್ ಆಯ್ತು. ಹೆಸರು ನಾಡಪ್ರಭು ಕೆಂಪೇಗೌಡ ನಿಲ್ದಾಣ, ಆದ್ರೆ ಬಾಯಲ್ಲಿ ಬರೋದು ಮೆಜೆಸ್ಟಿಕ್ಕೇ, ಅದೂ ಒಂದು ಹಳೇ ಟಾಕೀಸಿನ ಹೆಸರು!

ಪ್ಲಾಟ್‌ಫಾರ್ಮಲ್ಲಿ ರೈಲು ಕಾಣೋ ಮೊದಲೇ ಸುರಂಗದಿಂದ ಗಾಳಿ ನುಗ್ಗಿ ಬರುತ್ತೆ. ಪಕ್ಕದಲ್ಲಿ ನಿಂತಿದ್ದ ಅಜ್ಜಿ ಸೆರಗು ಹಿಡಿದುಕೊಂಡು, "ಬಂತು ನೋಡಪ್ಪ" ಅಂದರು. ರೈಲು ಇನ್ನೂ ಕಂಡೇ ಇರಲಿಲ್ಲ.