ಟೋಕಿಯೋದ ಗೋಧಿ ಅಂಟು, ಚಳ್ಳಕೆರೆಯ ಹುಣಸೆ ಬೀಜ

ಟೋಕಿಯೋದಲ್ಲಿ ನನ್ನ ಕೈಗೆ ಮೊದಲು ಬಂದದ್ದು ಒಂದು ಮರದ ಕೋಲು. ಒಲೆಯ ಮೇಲೆ ಪಾತ್ರೆ, ಪಾತ್ರೆಯಲ್ಲಿ ಗೋಧಿಯ ಪಿಷ್ಟ ಮತ್ತು ನೀರು. ತಿರುವುತ್ತಲೇ ಇರಬೇಕು, ಕೈ ನಿಲ್ಲಿಸಬಾರದು. ಮಂಡ್ಯದಲ್ಲಿ ಹಿಟ್ಟು ತೊಳಸಿ ಬೆಳೆದವಳು ನಾನು. ಈ ಕೆಲಸ ನನಗೆ ಗೊತ್ತು ಅಂದುಕೊಂಡೆ. ಆದರೆ ಎಲ್ಲಿ ನಿಲ್ಲಿಸಬೇಕು ಅನ್ನೋದು ಗೊತ್ತಿರಲಿಲ್ಲ. ಬಿಳಿ ನೀರು ಗಟ್ಟಿಯಾಗಿ, ಆಮೇಲೆ ಹೊಳಪು ಬಂದು, ಕೋಲಿನಿಂದ ಬೀಳುವ ರೀತಿಯೇ ಬದಲಾಗುತ್ತದೆ. ಕಲಿಸುತ್ತಿದ್ದವರು ಗಡಿಯಾರ ನೋಡಲಿಲ್ಲ. ನನ್ನ ಕೋಲು ತೆಗೆದುಕೊಂಡು ಎರಡು ಸಲ ತಿರುವಿ, ಇನ್ನೂ ಆಗಿಲ್ಲ ಅಂತ ತಲೆ ಆಡಿಸಿ ವಾಪಸ್ ಕೊಟ್ಟರು. ಆ ಎರಡು ಸುತ್ತಿನಲ್ಲಿ ಅವರ ಮಣಿಕಟ್ಟು ಹೇಗೆ ತಿರುಗಿತು ಅನ್ನೋದು ಇವತ್ತಿಗೂ ನೆನಪಿದೆ. ಯಾವ ಪುಸ್ತಕದಲ್ಲೂ ಅದು ಸಿಗುತ್ತಿರಲಿಲ್ಲ.

ನಾನು ಮೈಸೂರಿನಲ್ಲಿ ಹಳೆ ಕಾಗದ ಮತ್ತು ಹಸ್ತಪ್ರತಿಗಳ ಸಂರಕ್ಷಣೆ ಮಾಡುತ್ತೇನೆ. ಹರಿದದ್ದನ್ನು ಸೇರಿಸುವುದು, ಹುಳ ತಿಂದ ತೂತು ತುಂಬುವುದು, ಹಿಂದೆ ಯಾರೋ ಹಚ್ಚಿದ ಸೆಲೋಟೇಪ್ ಬಿಡಿಸುವುದು ನನ್ನ ದಿನದ ಕೆಲಸ. ಬಿ.ಎಸ್ಸಿ. ಆದ ಮೇಲೆ ಈ ಕೆಲಸದ ಅಕ್ಷರಾಭ್ಯಾಸ ಆದದ್ದು ನಮ್ಮ ಮೈಸೂರಿನಲ್ಲೇ. ಲಕ್ನೋದಲ್ಲಿರುವ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಲ್ಯಾಬ್ ಇಲ್ಲಿದೆ. ಊರಿನಲ್ಲಿ ಇಂಥದ್ದೊಂದು ಇದೆ ಅಂತ ತುಂಬ ಜನರಿಗೆ ಗೊತ್ತೇ ಇಲ್ಲ.

ಜಪಾನಿಗೆ ಹೋದದ್ದು ಜಪಾನೀ ಕಾಗದದ ಸಂರಕ್ಷಣೆಯ ಕೋರ್ಸಿಗೆ. ರೋಮ್‌ನಲ್ಲಿರುವ, ಸಾಂಸ್ಕೃತಿಕ ಆಸ್ತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಇಕ್ರಾಮ್ ಮತ್ತು ಟೋಕಿಯೋದ ಸಾಂಸ್ಕೃತಿಕ ಆಸ್ತಿ ಸಂಶೋಧನಾ ಸಂಸ್ಥೆ ಸೇರಿ 1992ರಿಂದ ನಡೆಸಿಕೊಂಡು ಬಂದಿರುವ ಕೋರ್ಸ್ ಅದು. ಮೂರು ವಾರ. ಇಡೀ ಪ್ರಪಂಚದಿಂದ ಸುಮಾರು 10 ಜನ ಅಷ್ಟೇ. ಇಕ್ರಾಮ್ ಹುಟ್ಟಬೇಕು ಅಂತ ತೀರ್ಮಾನವಾದದ್ದು 1956ರಲ್ಲಿ ನವದೆಹಲಿಯಲ್ಲಿ ನಡೆದ ಯುನೆಸ್ಕೋ ಮಹಾಸಭೆಯಲ್ಲಿ. ಈ ವಿಷಯ ತಿಳಿದ ದಿನ ನನಗೆ ಬಹಳ ಖುಷಿಯಾಗಿತ್ತು. ಅರ್ಜಿ ಹಾಕುವಾಗ ಇದ್ದ ಹಿಂಜರಿಕೆ ಅರ್ಧ ಹೋಯಿತು.

ಮೊದಲ ವರ್ಷ ನನಗೆ ಹೋಗಲು ಆಗಲಿಲ್ಲ. ಅರ್ಜಿಯ ಜೊತೆ ಕೆಲಸ ಮಾಡುವ ಕಡೆಯಿಂದ ಒಂದು ಪತ್ರ ಬೇಕಿತ್ತು. ಆಗ ನಾನಿದ್ದ ಕಚೇರಿಯಲ್ಲಿ ಆ ಪತ್ರ ಮೇಜಿನಿಂದ ಮೇಜಿಗೆ ಹೋಗಿ, ಸಹಿ ಆಗಿ ಕೈಗೆ ಬರುವಷ್ಟರಲ್ಲಿ ಕೊನೆಯ ದಿನಾಂಕ ಮುಗಿದು ಒಂಬತ್ತು ದಿನ ಆಗಿತ್ತು. ರಾತ್ರಿ ಅತ್ತಿದ್ದೇನೆ. ಮುಂದಿನ ಸಲ ಕೋರ್ಸ್ ಪ್ರಕಟವಾಗುವುದಕ್ಕೆ ನಾಲ್ಕು ತಿಂಗಳು ಮೊದಲೇ ಪತ್ರ ಕೇಳಿ ಇಟ್ಟುಕೊಂಡೆ. ಅರ್ಜಿ ಹಾಕುವ ಎಲ್ಲರಿಗೂ ನಾನು ಮೊದಲು ಹೇಳುವುದು ಇದನ್ನೇ: ಪತ್ರವನ್ನು ಈಗಲೇ ಕೇಳಿ.

ಸರಿ, ಅಂಟಿಗೆ ಬರೋಣ. ನಮ್ಮಲ್ಲಿ ಹಳೆಯ ಕಾಲದಿಂದ ಮೈದಾ ಅಂಟು ಬಳಸುತ್ತಾರೆ. ಹುಳ ಬರದಿರಲಿ ಅಂತ ಅದಕ್ಕೆ ಚೂರು ಮೈಲುತುತ್ತ ಹಾಕುವ ರೂಢಿ ಇತ್ತು. ಅಡಿಕೆ ತೋಟಕ್ಕೆ ಹೊಡೆಯುವ ಅದೇ ಮೈಲುತುತ್ತ. ಜಪಾನಿನಲ್ಲಿ ಬಳಸುವುದು ಗ್ಲುಟೆನ್ ಪೂರ್ತಿ ತೊಳೆದು ತೆಗೆದ ಪಿಷ್ಟ. ಅದನ್ನು ಕಾಯಿಸಿ, ಆರಿಸಿ, ಕುದುರೆ ಕೂದಲಿನ ಜರಡಿಯಲ್ಲಿ ಒತ್ತಿ ಇಳಿಸುತ್ತಾರೆ. ಆಮೇಲೆ ನೀರು ಸೇರಿಸುತ್ತಾ ಕುಂಚದಲ್ಲಿ ತಿಕ್ಕುತ್ತಾ ಹೋಗುತ್ತಾರೆ. ಕೊನೆಗೆ ಅದು ನೀರು ಮಜ್ಜಿಗೆಯ ಹಾಗೆ ಆಗುತ್ತದೆ. ಇಷ್ಟು ತೆಳು ಅಂಟು ಏನನ್ನು ಹಿಡಿದೀತು ಅಂತ ಅನುಮಾನ ಬಂತು. ಹಿಡಿಯಿತು.

ಇನ್ನೊಂದು ಬಗೆಯ ಅಂಟು ತೋರಿಸಿದರು. ಹೆಸರು ಫುರುನೋರಿ, ಅಂದರೆ ಹಳೆ ಅಂಟು. ವರ್ಷದಲ್ಲೇ ಅತಿ ಹೆಚ್ಚು ಚಳಿ ಇರುವ ದಿನಗಳಲ್ಲಿ ಕಾಯಿಸಿ, ಜಾಡಿಗೆ ತುಂಬಿ, ತಂಪು ಜಾಗದಲ್ಲಿ ಸುಮಾರು ಹತ್ತು ವರ್ಷ ಇಡುತ್ತಾರೆ. ನಮ್ಮ ಮನೆಗಳಲ್ಲಿ ಉಪ್ಪಿನಕಾಯಿ ಜಾಡಿ ನೋಡಿಕೊಂಡ ಹಾಗೆ ವರ್ಷ ವರ್ಷ ನೋಡಿಕೊಳ್ಳಬೇಕು. ಮೇಲೆ ಬೂಷ್ಟು ಬಂದರೆ ಕೆರೆದು ತೆಗೆದು ನೀರು ಬದಲಾಯಿಸುತ್ತಾರೆ. ಹತ್ತು ವರ್ಷ ಕಾಯುವುದು ಅಂಟು ಗಟ್ಟಿಯಾಗಲಿ ಅಂತ ಅಲ್ಲ, ಶಕ್ತಿ ಕಡಿಮೆಯಾಗಲಿ ಅಂತ. ಸುರುಳಿ ಚಿತ್ರಗಳನ್ನು ಸುತ್ತಿ ಬಿಚ್ಚುತ್ತಾ ಇರಬೇಕಲ್ವಾ, ಅಂಟು ಗಟ್ಟಿ ಇದ್ದರೆ ಚಿತ್ರ ಸೆಟೆದು ಮುರಿಯುತ್ತದೆ. ಮೆತ್ತಗಿನ ಅಂಟು ಹಚ್ಚಿ, ಭಾರದ ಕುಂಚದಿಂದ ಟಪ್ ಟಪ್ ಅಂತ ಬಡಿಯುತ್ತಾರೆ. ಆ ಬಡಿತಕ್ಕೆ ಎರಡು ಹಾಳೆಗಳ ನಾರು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ನಾವು ಮಾಡಿದ ರಿಪೇರಿ ಯಾವತ್ತೂ ಮೂಲ ಕಾಗದಕ್ಕಿಂತ ಗಟ್ಟಿ ಇರಬಾರದು. ನಾಳೆ ಎಳೆತ ಬಿದ್ದರೆ ಹರಿಯಬೇಕಾದ್ದು ನಮ್ಮ ತೇಪೆ, ಹಳೆ ಹಾಳೆಯಲ್ಲ. ಈ ಮಾತು ನನಗೆ ಮೊದಲೇ ಬಾಯಿಪಾಠ ಇತ್ತು. ಕೈಗೆ ತಿಳಿದದ್ದು ಆ ಕುಂಚ ಬಡಿಯುವಾಗ.

ಎರಡನೇ ವಾರ ರೈಲಿನಲ್ಲಿ ಮಿನೋ ಊರಿಗೆ ಕರೆದುಕೊಂಡು ಹೋದರು. ಅಲ್ಲಿಯ ಕೈಕಾಗದದ ಕಸುಬು 2014ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಕೋಜೋ ಅನ್ನುವ ಗಿಡದ ತೊಗಟೆಯ ನಾರಿನಿಂದ ಮಾಡುವ ಕಾಗದ. ಕೋಜೋ ನಮ್ಮ ರೇಷ್ಮೆ ಹುಳ ತಿನ್ನುವ ಹಿಪ್ಪುನೇರಳೆಯ ಹತ್ತಿರದ ನೆಂಟ. ಬೇಯಿಸಿದ ನಾರನ್ನು ತಣ್ಣೀರಿನಲ್ಲಿ ಹರಡಿಕೊಂಡು ಒಂದೊಂದೇ ಕಪ್ಪು ಚುಕ್ಕೆ ಆರಿಸಿ ತೆಗೆಯುತ್ತಿದ್ದರು. ಮೊರದಲ್ಲಿ ಅಕ್ಕಿ ಆರಿಸುವ ನಮ್ಮಜ್ಜಿಯ ಕಣ್ಣು, ಅದೇ ತಾಳ್ಮೆ.

ಆಮೇಲೆ ತೊಟ್ಟಿಗೆ ಒಂದು ಲೋಳೆ ಸುರಿದರು. ತೊರೊರೊ ಆವೊಯಿ ಅನ್ನುವ ಗಿಡದ ಬೇರು ಜಜ್ಜಿ ತೆಗೆದ ಲೋಳೆ. ಆ ಗಿಡ ಬೆಂಡೆಕಾಯಿಯ ಬಳಗದ್ದು. ನನಗೆ ಮೈ ಜುಮ್ಮೆಂದಿತು. ನಮ್ಮ ದೊಡ್ಡಪ್ಪನ ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಬೆಂಡೆ ಗಿಡದ ಲೋಳೆ ಹಾಕುತ್ತಿದ್ದರು. ಕೊಪ್ಪರಿಗೆಯಲ್ಲಿ ಮಡ್ಡಿಯೆಲ್ಲ ಒಟ್ಟಾಗಿ ಮೇಲೆ ಬರುತ್ತಿತ್ತು, ತೆಗೆದು ಚೆಲ್ಲುತ್ತಿದ್ದರು. ಮಿನೋದಲ್ಲಿ ಕೆಲಸ ತಿರುಗಾಮುರುಗಾ. ಇಲ್ಲಿ ಲೋಳೆ ನಾರುಗಳನ್ನು ಒಟ್ಟಾಗಲು ಬಿಡುವುದಿಲ್ಲ, ನೀರಿನಲ್ಲಿ ಒಂದೇ ಸಮ ತೇಲಿಸುತ್ತದೆ. ನೀರು ಜಾಳಿಗೆಯಿಂದ ನಿಧಾನ ಇಳಿಯುತ್ತದೆ. ಅದಕ್ಕೇ ಅಷ್ಟು ತೆಳುವಾದ ಹಾಳೆ ಸಾಧ್ಯ. ದೊಡ್ಡಪ್ಪ ಇದ್ದಿದ್ದರೆ ಆ ತೊಟ್ಟಿಗೆ ಕೈ ಅದ್ದಿ ನೋಡಿರುತ್ತಿದ್ದರು.

ನನ್ನ ಕೆಲಸದ ದಾರಿ ತಿರುಗಿದ್ದು ಒಂದು ಸಂಜೆ. ನಾವೆಲ್ಲ ನಮ್ಮ ನಮ್ಮ ಊರಿನ ಕಾಗದಗಳ ಬಗ್ಗೆ ಮಾತಾಡುತ್ತಿದ್ದೆವು. ಮೆಕ್ಸಿಕೋದ ಗೆಳತಿ ತನ್ನ ಊರಿನ ಅಮಾತೆ ಅನ್ನುವ ಕಾಗದ ತೋರಿಸಿದಳು. ಆಲ, ಅತ್ತಿಯ ಜಾತಿಯ ಮರಗಳ ತೊಗಟೆಯನ್ನು ಕಲ್ಲಿನಲ್ಲಿ ಬಡಿದು ಮಾಡುವ ಹಾಳೆ ಅದು. ನಾನು ಕಡತದ ಫೋಟೋ ತೋರಿಸಿದೆ.

ಕಡತ ಅಂದರೆ ಈಗ ನಮಗೆ ಕಚೇರಿಯ ಫೈಲು. ಹಿಂದೆ ಅದು ನಿಜವಾಗಿ ಒಂದು ಕಪ್ಪು ಬಟ್ಟೆಯ ಪುಸ್ತಕ. ಹತ್ತಿ ಬಟ್ಟೆಯ ಎರಡೂ ಕಡೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಸೇರಿಸಿ ಬಳಿದು, ಒಣಗಿಸಿ, ಬೀಸಣಿಗೆಯ ಹಾಗೆ ಮಡಿಚುತ್ತಿದ್ದರು. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ವ್ಯಾಪಾರಿಗಳು, ಶಾನುಭೋಗರು, ಮಠದವರು ಲೆಕ್ಕ ಇಟ್ಟದ್ದು ಇದರಲ್ಲೇ. ಬೇಡದ್ದನ್ನು ಅಳಿಸಿ ಮತ್ತೆ ಬರೆಯಬಹುದು. 19ನೇ ಶತಮಾನದ ಆರಂಭದಲ್ಲಿ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಇದರ ಅಳತೆ ಬರೆದಿಟ್ಟಿದ್ದಾನೆ: 8 ಅಂಗುಲದಿಂದ 1 ಅಡಿ ಅಗಲ, 12ರಿಂದ 18 ಅಡಿ ಉದ್ದ.

ಮೆಕ್ಸಿಕೋದವಳು ಫೋಟೋವನ್ನು ದೊಡ್ಡದು ಮಾಡಿ ನೋಡಿ ಕೇಳಿದಳು. ಈ ಕಪ್ಪಿಗೆ ನೀರು ತಾಗಿದರೆ ಏನಾಗುತ್ತದೆ? ಅಂಟು ಎಷ್ಟು, ಇದ್ದಿಲು ಎಷ್ಟು? ಎಷ್ಟು ಸಲ ಬಳಿಯುತ್ತಾರೆ? ನನ್ನ ಹತ್ತಿರ ಒಂದಕ್ಕೂ ಉತ್ತರ ಇರಲಿಲ್ಲ. ಏಳು ವರ್ಷದಿಂದ ಹಸ್ತಪ್ರತಿ ಮುಟ್ಟುತ್ತಿದ್ದೇನೆ. ಪಿಷ್ಟದ ಅಂಟಿನ ಬಗ್ಗೆ ಆ ಹೊತ್ತಿಗೆ ಒಂದು ಗಂಟೆ ಮಾತಾಡಬಲ್ಲೆ. ನನ್ನದೇ ನಾಡಿನ ಪುಸ್ತಕಕ್ಕೆ ಒಂದು ಹನಿ ನೀರು ಬಿದ್ದರೆ ಏನಾಗುತ್ತದೆ ಅಂತ ಗೊತ್ತಿಲ್ಲ. ಆ ರಾತ್ರಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ಊರಿಗೆ ಹೋದ ಕೂಡಲೇ ಒಂದು ಕಡತ ಮಾಡಬೇಕು.

ವಾಪಸ್ ಬಂದ ಮೇಲೆ ಮೊದಲು ಹುಡುಕಿದ್ದು ಹುಣಸೆ ಬೀಜದ ಅಂಟು ಗೊತ್ತಿರುವವರನ್ನು. ಕಡತ ಮಾಡುವವರು ಯಾರೂ ಸಿಗಲಿಲ್ಲ. ಆದರೆ ಅದೇ ಅಂಟನ್ನು ಇವತ್ತಿಗೂ ಕಾಯಿಸುವವರಿದ್ದಾರೆ, ಕಂಬಳಿ ನೇಯುವವರು. ಹಾಸಿನ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟುವ ಉಣ್ಣೆ ನೂಲಿಗೆ ಹುಣಸೆ ಬೀಜದ ಗಂಜಿಯಂಥ ಅಂಟು ಹಚ್ಚಿದರೇನೇ (ಅದಕ್ಕೆ ಅವರು ‘ಸರಿ’ ಅನ್ನುತ್ತಾರೆ) ಅದು ಮಗ್ಗದ ಎಳೆತ ತಡೆಯುವುದು. ಚಳ್ಳಕೆರೆ ಕಡೆಯ ಒಂದು ಹಳ್ಳಿಗೆ ಹೋದೆ. ಬೆಳಗಿನ ಜಾವ ಬಯಲಿನಲ್ಲಿ ನೂಲು ಎಳೆದು ಕಟ್ಟಿದ್ದರು. ಒಬ್ಬ ಅಜ್ಜ ದೊಡ್ಡ ಕುಂಚದಲ್ಲಿ ಸರಿ ಹಚ್ಚುತ್ತಾ ಹೋಗುತ್ತಿದ್ದರು. ಉದ್ದಕ್ಕೂ ಒಂದೇ ಒತ್ತಡ, ಒಂದೇ ಓಟ. ಟೋಕಿಯೋದ ಕೈಗಳೇ ಕಣ್ಣ ಮುಂದೆ ಬಂದವು.

"ಏನ್ ಕಲಿಯಕ್ ಬಂದೆ ತಾಯಿ?" ಅಂದರು.

"ಸರಿ ಕಾಯ್ಸೋದು ಅಜ್ಜ" ಅಂದೆ.

"ಅಷ್ಟ್ ದೂರದಿಂದ ಇದಕ್ಕಾ?" ಅಂತ ನಕ್ಕರು. ಆಮೇಲೆ ನಗು ಬಿಟ್ಟು ಎರಡು ದಿನ ಕೂರಿಸಿಕೊಂಡು ಕಲಿಸಿದರು. ಬೀಜ ಹುರಿದು ಸಿಪ್ಪೆ ತೆಗೆಯಬೇಕು. ನೆನೆಸಿ, ನುಣ್ಣಗೆ ರುಬ್ಬಿ, ಕುದಿಸಬೇಕು. ಆಗಿದೆಯಾ ಅಂತ ನೋಡಲು ಹೆಬ್ಬೆರಳು ತೋರುಬೆರಳ ನಡುವೆ ಒಂದು ಹನಿ ಹಿಡಿದು ಎಳೆಯುತ್ತಾರೆ. "ಜಾಸ್ತಿ ದಪ್ಪ ಮಾಡ್ಬೇಡ. ಒಣಗಿದ್ ಮೇಲೆ ಮುರಿತೈತೆ. ತೆಳ್ಳಗೆ ಹಚ್ಚು, ಒಣಗ್ಲಿ, ಇನ್ನೊಂದ್ ಸಲ ಹಚ್ಚು" ಅಂದರು. ಟೋಕಿಯೋದಲ್ಲಿ ಮೂರು ವಾರ ಕೇಳಿದ್ದು ಇದನ್ನೇ ಅಲ್ವಾ?

ಅಪ್ಪನ ಹಳೆ ಪಂಚೆ ಹರಿದು ಕೈಯಗಲ ಪಟ್ಟಿಗಳನ್ನು ಮಾಡಿಕೊಂಡೆ. ಮೊದಲ ಪಟ್ಟಿ ಮಡಿಚಿದ ಕೂಡಲೇ ಬಿರುಕು ಬಿಟ್ಟಿತು, ದಪ್ಪ ಬಳಿದಿದ್ದೆ. ಎರಡನೆಯದರಲ್ಲಿ ಇದ್ದಿಲು ಹೆಚ್ಚಾಗಿ ಕೈಗೆಲ್ಲ ಕಪ್ಪು ಹತ್ತಿತು. ಮೂರನೆಯದಕ್ಕೆ ತೆಳ್ಳಗೆ ನಾಲ್ಕು ಸಲ ಬಳಿದೆ. ಅದು ನಿಂತಿತು. ಬಳಪದಲ್ಲಿ ಅಪ್ಪನ ಹೆಸರು ಬರೆದೆ.

ಆಮೇಲೆ ಪರೀಕ್ಷೆ. ಸಿರಿಂಜಿನಲ್ಲಿ ಒಂದು ಹನಿ ನೀರು ಬಿಟ್ಟೆ. ಸ್ವಲ್ಪ ಹೊತ್ತಿಗೆ ಪದರ ಮೆತ್ತಗಾಗಿ, ಒತ್ತು ಕಾಗದದ ಮೇಲೆ ಕಪ್ಪು ಇಳಿಯಿತು. ಅಕ್ಷರ ಪೂರ್ತಿ ಹೋಯಿತು. ಬಳಪದ ಬರಹ ಸುಮ್ನೆ ಮೇಲೆ ಕೂತಿರುತ್ತದೆ, ಮಸಿಯ ಹಾಗೆ ಒಳಗೆ ಇಳಿದಿರುವುದಿಲ್ಲ. ಅಂದರೆ ನಾನು ಅಷ್ಟು ಶ್ರದ್ಧೆಯಿಂದ ಕಲಿತ ತೆಳು ಗೋಧಿ ಅಂಟು ಕಡತಕ್ಕೆ ವಿಷ. ಪಕ್ಕದಲ್ಲೇ ಒಂದು ಹನಿ ಎಥನಾಲ್ ಬಿಟ್ಟೆ. ಪದರ ಅಲುಗಾಡಲಿಲ್ಲ. ಈಗ ದಾರಿ ಕಂಡಿತು. ಚದರ ಮೀಟರಿಗೆ 2 ಗ್ರಾಂ ತೂಗುವ ಜಪಾನೀ ಕೋಜೋ ಹಾಳೆಗೆ ಕಪ್ಪು ಬಣ್ಣ ಕೊಟ್ಟು, ಎಥನಾಲ್‌ನಲ್ಲಿ ಕರಗುವ ಕ್ಲೂಸೆಲ್ ಜಿ ಅಂಟನ್ನು ಮೊದಲೇ ಹಚ್ಚಿ ಒಣಗಿಸಿಟ್ಟುಕೊಂಡೆ. ಬೇಕಾದಷ್ಟೇ ಕತ್ತರಿಸಿ, ಎಥನಾಲ್ ಸ್ವಲ್ಪ ಸೋಕಿಸಿ, ಬರಹ ಇಲ್ಲದ ಮಡಿಕೆಯ ಅಂಚಿನಲ್ಲಿ ಕೂರಿಸಿದೆ. ಪಂಚೆಯ ಪಟ್ಟಿಯಲ್ಲಿ ಈ ಉಪಾಯ ಫಲಿಸಿತು. ನಿಜವಾದ ಕಡತವನ್ನು ಇನ್ನೂ ಮುಟ್ಟಿಲ್ಲ. ಒಂದು ಮಳೆಗಾಲ ಈ ಪಟ್ಟಿಗಳು ಹೇಗಿರುತ್ತವೆ ಅಂತ ನೋಡಿದ ಮೇಲೆ ಮುಟ್ಟುತ್ತೇನೆ. ಮೈಸೂರಿನ ಜುಲೈ ತಿಂಗಳ ತೇವಕ್ಕೆ ಬೂಷ್ಟು ಬರುತ್ತದೋ ಇಲ್ಲವೋ ನೋಡಬೇಕು.

ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವವರು ಹೊರಗೆ ಹೋಗುವುದು ಹೇಗೆ ಅಂತ ಕೇಳುತ್ತಿರುತ್ತಾರೆ. ಇಕ್ರಾಮ್ ಕೋರ್ಸುಗಳ ಪ್ರಕಟಣೆ ನೋಡುತ್ತಾ ಇರಿ. ಭಾರತ ಅದರ ಸದಸ್ಯ ದೇಶ. ಬ್ರಿಟನ್ನಿಗೆ ಹೋಗುವವರಿಗೆ ಚಾರ್ಲ್ಸ್ ವಾಲೇಸ್ ಇಂಡಿಯಾ ಟ್ರಸ್ಟ್ ಇದೆ. ಕಲ್ಕತ್ತೆಯಲ್ಲಿ ವ್ಯಾಪಾರ ಮಾಡಿ 1916ರಲ್ಲಿ ತೀರಿಕೊಂಡ ವಾಲೇಸ್ ಬಿಟ್ಟುಹೋದ ಹಣ ಅದು. 1981ರಿಂದ ಟ್ರಸ್ಟ್ ಆಗಿ ನಡೆಯುತ್ತಿದೆ. ದೂರ ಹೋಗಲು ಆಗದವರು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿರುವ, ಪರಂಪರೆ ಉಳಿಸುವ ಸಂಸ್ಥೆಯಾದ ಇಂಟ್ಯಾಕ್‌ನ ಸಂರಕ್ಷಣಾ ಕೇಂದ್ರವನ್ನು ಕೇಳಿ ನೋಡಿ. ಅರ್ಜಿಯಲ್ಲಿ ನಿಮ್ಮ ಬಗ್ಗೆ ಕಡಿಮೆ ಬರೆಯಿರಿ, ನಿಮ್ಮ ಕಪಾಟಿನಲ್ಲಿ ಏನಿದೆ, ಅದಕ್ಕೆ ಏನಾಗಿದೆ ಅಂತ ಜಾಸ್ತಿ ಬರೆಯಿರಿ. ನನ್ನ ಅರ್ಜಿಯಲ್ಲಿ ಇದ್ದದ್ದು ಹೆಚ್ಚುಕಡಿಮೆ ಹುಳ ತಿಂದ ಒಂದು ಕಟ್ಟಿನ ಕಥೆ. ಅಲ್ಲಿಗೆ ಹೋಗುವಾಗ ನಿಮ್ಮ ಊರಿನ ವಸ್ತುವೊಂದರ ಫೋಟೋ ತಪ್ಪದೆ ತೆಗೆದುಕೊಂಡು ಹೋಗಿ. ಇಲ್ಲಿಂದ ಹೋಗುವವರಷ್ಟೇ ಇದ್ದರೆ ಸಾಲದು, ಇಲ್ಲಿಗೆ ಬರುವವರೂ ಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಕಡತ, ಓಲೆಗರಿ, ಮೈಸೂರು ಚಿತ್ರದ ಚಿನ್ನದ ರೇಕಿನ ಕೆಲಸ, ಇವನ್ನು ಕಲಿಯಲು ಬೇರೆ ದೇಶದವರು ಕುಳಿತುಕೊಳ್ಳಬೇಕಾದ್ದು ನಮ್ಮ ಮೇಜಿನ ಮುಂದೆ.

ಮೆಕ್ಸಿಕೋದ ಗೆಳತಿ ಜನವರಿಯಲ್ಲಿ ತನ್ನ ಖರ್ಚಿನಲ್ಲೇ ಬರುತ್ತಿದ್ದಾಳೆ. ಹತ್ತು ದಿನ ಇರುತ್ತಾಳೆ, ನಮ್ಮ ಮನೆಯಲ್ಲೇ. ಅಮ್ಮ ಈಗಾಗಲೇ ಹುಣಸೆ ಬೀಜ ಕೂಡಿಡಲು ಶುರು ಮಾಡಿದ್ದಾರೆ, ಎರಡು ಡಬ್ಬ ತುಂಬಿವೆ. ಚಳ್ಳಕೆರೆಯ ಅಜ್ಜನಿಗೆ ಫೋನ್ ಮಾಡಿ, ದೂರದ ಊರಿನವಳೊಬ್ಬಳನ್ನು ಕರೆದುಕೊಂಡು ಬರುತ್ತೇನೆ ಅಂತ ಹೇಳಿದೆ.

"ಬೆಳಕ್ ಹರಿಯೋ ಹೊತ್ತಿಗ್ ಕರ್ಕೊಂಡ್ ಬಾ ತಾಯಿ" ಅಂದರು. "ಬಿಸ್ಲು ಏರಿದ್ರೆ ಸರಿ ಹಿಡಿಯಲ್ಲ."